ಕಡೆಯ ವರ್ಷದ ಭೂಗೋಳ
(ತುಮಕೂರಿನಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ನಮ್ಮ ಮಕ್ಕಳು ಓದುವ ಭೂಗೋಳವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ. ವಿಷಯವು ಬಹಳ ಚಿಕ್ಕದೆಂದು ಕೆಲವರಿಗೆ ತೋರಬಹುದು. ಗಣಿತ, ವಿಜ್ಞಾನ, ಇಂಗ್ಲಿಷು ಇವು ಚಪ್ಪರದ ನಡುವೆ ಕುಳಿತ ಬೀಗರಾದರೆ, ಭೂಗೋಳವು ಹಿತ್ತಿಲ ಬಾಗಿಲಿನಿಂದ ಬಂದು ಕಡೆಯ ಪಂಕ್ತಿಯಲ್ಲಿ ಉಂಡು ಹೋಗುವ ಬಡ ನೆಂಟನಂತಿದೆ. ಹತ್ತನೆಯ ತರಗತಿಯ ಸಮಾಜ ವಿಜ್ಞಾನವೆಂಬ ಒಂದೇ ಪತ್ರಿಕೆಯೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಶಾಸ್ತ್ರಗಳು ಒಂದೇ ಕಂಬಳಿಯನ್ನು ಹೊದೆದು ಮಲಗಿವೆ. ಪತ್ರಿಕೆಯ ನೂರು ಅಂಕಗಳಲ್ಲಿ ೮೦ ಬರವಣಿಗೆಗೆ, ೨೦ ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಆ ಎಂಬತ್ತರಲ್ಲಿ ಭೂಗೋಳಕ್ಕೆ ದಕ್ಕುವ ಪಾಲನ್ನು ಎಣಿಸಿ, ಅದಕ್ಕೆ ತಕ್ಕಷ್ಟು ದಿನಗಳನ್ನು ಅಳೆದು ಹಂಚಿ, ಪಾಠವನ್ನು ಮುಗಿಸುವುದಷ್ಟೇ ಉಪಾಧ್ಯಾಯರ ಕರ್ತವ್ಯವೆಂದು ಬಗೆಯುವುದಾದರೆ, ಈ ಹೊತ್ತು ನಾವು ಆಡತಕ್ಕ ಮಾತೇ ಇಲ್ಲ.

ಆದರೆ ಒಂದು ಸಂಗತಿಯನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕು. ಹತ್ತನೆಯ ತರಗತಿಯನ್ನು ದಾಟಿದ ಬಾಲಕನು ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಹಿಡಿದರೆ ಅಲ್ಲಿ ಭೂಗೋಳವಿಲ್ಲ. ಕೈಗಾರಿಕಾ ತರಬೇತಿಗೆ ಹೋದರೂ ಇಲ್ಲ, ಡಿಪ್ಲೊಮಾಕ್ಕೆ ಹೋದರೂ ಇಲ್ಲ. ಅದನ್ನೇ ಬೇಡಿ ತೆಗೆದುಕೊಳ್ಳುವ ಕೆಲವರನ್ನು ಬಿಟ್ಟರೆ, ಉಳಿದವರು ಆ ಶಾಸ್ತ್ರದ ಪುಸ್ತಕವನ್ನು ಮತ್ತೆ ತೆರೆಯುವುದಿಲ್ಲ. ಎಂದರೆ, ಈ ವರ್ಷದ ಮಾರ್ಚಿಯೊಳಗೆ ನಮ್ಮ ಹುಡುಗ ಹುಡುಗಿಯರು ಕಲಿತ ಭೂಗೋಳವೇ ಅವರ ಆಯುಷ್ಯಕ್ಕೆಲ್ಲ ಬುತ್ತಿ. ಮೂರು ವರ್ಷ ಕಳೆಯುವುದರೊಳಗೆ ಅವರು ಮತದಾರರಾಗುವರು. ಕೆರೆ, ಕಾಲುವೆ, ಗಣಿ, ಹೆದ್ದಾರಿ, ಕಾರ್ಖಾನೆ ಇವುಗಳ ವಿಷಯವಾಗಿ ಅವರ ಅಭಿಪ್ರಾಯವನ್ನು ದೇಶವು ಕೇಳುವುದು. ಗಣಿತದಲ್ಲಿ ಹಿಂದುಳಿದವನು ಮುಂದೆ ಲೆಕ್ಕಿಗನನ್ನಾದರೂ ಇಟ್ಟುಕೊಂಡಾನು; ತನ್ನ ಊರಿನ ನೀರು ಯಾವ ಕಡೆಗೆ ಹರಿಯುವುದೆಂದು ತಿಳಿಯದವನಿಗೆ ಯಾರು ಲೆಕ್ಕಿಗರಾಗುವರು?

ಪಠ್ಯಪುಸ್ತಕವನ್ನು ದೂಷಿಸುವ ಉದ್ದೇಶ ನಮಗಿಲ್ಲ. ಒಂಬತ್ತನೆಯ ತರಗತಿಯಲ್ಲಿ ಕರ್ನಾಟಕದ ಭೂಗೋಳವನ್ನು ಇಟ್ಟಿದ್ದಾರೆ, ಹತ್ತನೆಯದರಲ್ಲಿ ಭಾರತದ ಭೂಗೋಳವನ್ನು ಇಟ್ಟಿದ್ದಾರೆ. ದೇಶದ ಸ್ಥಾನ ಮತ್ತು ಮೇಲ್ಮೈಯಿಂದ ಹಿಡಿದು ಋತುಮಾನ, ಮಣ್ಣು, ಅರಣ್ಯ, ಜಲ, ವ್ಯವಸಾಯ, ಖನಿಜ, ಸಾರಿಗೆ, ಕೈಗಾರಿಕೆ, ಪ್ರಕೃತಿಯ ವಿಕೋಪಗಳವರೆಗೆ ಕ್ರಮವಾಗಿಯೇ ಬರೆದಿದ್ದಾರೆ. ಬೀದರಿನಿಂದ ಚಾಮರಾಜನಗರದವರೆಗಿನ ಎಲ್ಲ ಮಕ್ಕಳಿಗೂ ಒಂದೇ ಪುಸ್ತಕವಾಗಬೇಕಾದರೆ ಅದರಲ್ಲಿ ಗುಬ್ಬಿಗೆ ಒಂದು ಪುಟ, ಕುಣಿಗಲ್ಲಿಗೆ ಒಂದು ಪುಟ ಎಂದು ಕೊಡಲಾಗುವುದಿಲ್ಲ. ಆ ಪುಟಗಳನ್ನು ಬರೆಯತಕ್ಕವರು ತಾವು. ಪುಸ್ತಕದಲ್ಲಿ ದೇಶವಿದೆ, ಕಿಟಕಿಯ ಹೊರಗೆ ಊರಿದೆ. ಇವೆರಡರ ನಡುವೆ ಬಾಗಿಲನ್ನು ತೆರೆಯುವ ಕೆಲಸವು ಕರಿಹಲಗೆಯ ಮುಂದೆ ನಿಂತವರಿಗಲ್ಲದೆ ಮತ್ತಾರಿಗೂ ಸಾಧ್ಯವಿಲ್ಲ. ಈ ಮಾತನ್ನು ನಮ್ಮ ಜಿಲ್ಲೆಯ ನಿದರ್ಶನಗಳಿಂದಲೇ ತೋರಿಸಲು ಯತ್ನಿಸುವೆವು.

ಜಲಸಂಪನ್ಮೂಲದ ಪಾಠವನ್ನೇ ಮೊದಲು ತೆಗೆದುಕೊಳ್ಳೋಣ. ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಬೇರೆ ಎಲ್ಲ ಪಾಠಗಳೂ ಅದರೊಳಗೇ ಅಡಗಿವೆ. ಹೇಮಾವತಿಯು ಕಾವೇರಿಯ ಉಪನದಿಯೆಂದು ಒಂದು ಅಂಕಕ್ಕೆ ತಪ್ಪಿಲ್ಲದೆ ಬರೆಯುವ ತುಮಕೂರಿನ ಬಾಲಕನನ್ನು, ‘ಅಪ್ಪಾ, ಈ ಬೆಳಿಗ್ಗೆ ನೀನು ಮುಖ ತೊಳೆದ ನೀರು ಎಲ್ಲಿಂದ ಬಂದಿತು?’ ಎಂದು ಕೇಳಿ ನೋಡಬೇಕು. ನಲ್ಲಿಯಿಂದ ಎನ್ನುವನು. ನಲ್ಲಿಗೆ ಎಲ್ಲಿಂದ? ಬುಗುಡನಹಳ್ಳಿಯ ಕೆರೆಯಿಂದ ಎಂದು ತಿಳಿದವನು ಹೇಳುವನು. ಆ ಕೆರೆಗೆ? ಇಲ್ಲಿ ಉತ್ತರವು ನಿಲ್ಲುವುದು. ಮೂಡಿಗೆರೆಯ ಸೀಮೆಯ ಮಲೆಗಳಲ್ಲಿ ಹುಟ್ಟಿದ ನದಿಯನ್ನು ಹಾಸನ ಜಿಲ್ಲೆಯ ಗೊರೂರಿನಲ್ಲಿ ತಡೆದು, ೧೯೭೯ರಲ್ಲಿ ಪೂರ್ತಿಗೊಂಡ ಅಣೆಕಟ್ಟಿನಿಂದ ಕಾಲುವೆಯನ್ನು ತೆಗೆದು, ಗುಡ್ಡಗಳ ಮಗ್ಗುಲನ್ನು ಹಿಡಿದು ಬಳಸುತ್ತ ಬಳಸುತ್ತ ನಮ್ಮ ಜಿಲ್ಲೆಗೆ ತಂದ ನೀರು ಅದು. ಗೊರೂರು ಜಲಾಶಯದ ತುಂಬುಮಟ್ಟ ಸಮುದ್ರಮಟ್ಟಕ್ಕಿಂತ ೨೯೨೨ ಅಡಿ. ತುಮಕೂರು ನಗರವಿರುವುದು ಸುಮಾರು ೨೭೦೦ ಅಡಿಯ ಎತ್ತರದಲ್ಲಿ. ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದರೆ, ಕಾಲುವೆಯು ಏಕೆ ಇಷ್ಟೊಂದು ಸುತ್ತುವುದು, ಅದರ ಇಳಿಜಾರು ಎಷ್ಟು ಸಣ್ಣದು, ಬಾಲದ ಕಡೆಗೆ ನೀರು ಏಕೆ ಸೊರಗುವುದು ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುವುವು. ಸಮೋನ್ನತ ರೇಖೆಯೆಂಬುದು ಪುಸ್ತಕದಲ್ಲಿ ಒಣ ವ್ಯಾಖ್ಯೆಯಾಗಿ ತೋರಬಹುದು. ಕಾಲುವೆಯ ದಂಡೆಯ ಮೇಲೆ ನಿಂತವನಿಗೆ ಅದು ಕಣ್ಣಿಗೆ ಕಾಣುವ ವಸ್ತು.

ಈ ಪಾಠವು ಬರಿಯ ಪಾಠವಾಗಿ ಉಳಿದಿಲ್ಲವೆಂಬುದು ತಮಗೆಲ್ಲ ತಿಳಿದೇ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿಯ ಕಾಲುವೆಯಿಂದ ಕವಲೊಡೆದು ನೆಟ್ಟಗೆ ಕುಣಿಗಲ್ಲಿನ ಕಡೆಗೆ ಕೊಳವೆಯ ಮೂಲಕ ನೀರನ್ನು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಯೋಜನೆಯ ಮೇಲೆ ಜಿಲ್ಲೆಯು ಎರಡಾಯಿತು. ೨೦೨೫ರ ಮೇ ತಿಂಗಳಲ್ಲಿ ಗುಬ್ಬಿಯ ಸೀಮೆಯಲ್ಲಿ ಸಾವಿರಾರು ಜನರು ಬೀದಿಗಿಳಿದರು. ಕುಣಿಗಲ್ಲಿನವರು ಹೇಳುವುದು: ನಾವು ಕಾಲುವೆಯ ಬಾಲದಲ್ಲಿರುವವರು, ನಮ್ಮ ಪಾಲಿನ ನೀರು ಹಾದಿಯಲ್ಲೇ ಇಂಗಿ ಆವಿಯಾಗಿ ಹಂಚಿಹೋಗಿ ನಮಗೆ ಮುಟ್ಟುವುದೇ ಇಲ್ಲ. ಗುಬ್ಬಿಯವರೂ ತುಮಕೂರಿನವರೂ ಹೇಳುವುದು: ನೀರು ಕೊಳವೆಯೊಳಗೆ ಹೊಕ್ಕಿತೆಂದರೆ ನಮ್ಮ ಕೆರೆಗಳಿಗೆ ಇಳಿಯುವುದಿಲ್ಲ, ಕುಣಿಗಲ್ಲಿನಲ್ಲೂ ನಿಲ್ಲದೆ ಜಿಲ್ಲೆಯ ಎಲ್ಲೆಯನ್ನು ದಾಟಿ ಹೋಗುವುದು. ಯಾರ ಮಾತು ನ್ಯಾಯವೆಂದು ತೀರ್ಮಾನಿಸುವುದಕ್ಕೆ ಈ ವೇದಿಕೆಯು ತಕ್ಕದ್ದಲ್ಲ, ನಾವೂ ಪಕ್ಷ ವಹಿಸುವುದಿಲ್ಲ. ಆದರೆ ಎರಡೂ ಕಡೆಯ ವಾದಗಳು ಭೂಗೋಳದ ವಾದಗಳು. ಇಳಿಜಾರು, ಇಂಗುವಿಕೆ, ಆವಿಯಾಗುವಿಕೆ, ಜಲಾನಯನ ಎಂಬ ನಾಲ್ಕು ಶಬ್ದಗಳ ಅರ್ಥವನ್ನರಿತವನು ಆ ಜಗಳದಲ್ಲಿ ಪ್ರಶ್ನೆ ಕೇಳಬಲ್ಲನು; ಅರಿಯದವನು ಕೂಗಬಲ್ಲನು, ಅಷ್ಟೇ. ಇನ್ನೊಂದು ಮಾತು. ಈ ನೀರೆಲ್ಲ ಕಾವೇರಿಯ ಲೆಕ್ಕಕ್ಕೆ ಸೇರಿದ್ದು. ಆ ಲೆಕ್ಕವನ್ನು ೨೦೦೭ರಲ್ಲಿ ನ್ಯಾಯಾಧಿಕರಣವೂ ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬರೆದಿವೆ. ಗುಬ್ಬಿಗೂ ಕುಣಿಗಲ್ಲಿಗೂ ಇರುವ ವ್ಯಾಜ್ಯವು ಎರಡು ರಾಜ್ಯಗಳ ವ್ಯಾಜ್ಯದ ಹೊಟ್ಟೆಯೊಳಗಿನ ಕೂಸು.

ಇಷ್ಟಕ್ಕೂ ಪ್ರಕೃತಿಯು ಗುಬ್ಬಿಗೂ ಕುಣಿಗಲ್ಲಿಗೂ ಕಾಲುವೆಯ ಇಂಜಿನಿಯರುಗಳಿಗಿಂತ ಬಹಳ ಮುಂಚೆಯೇ ನಂಟು ಕಟ್ಟಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಹೊಳೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ತೆಂಕಣಕ್ಕೆ ಹರಿದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ಸೇರಿ, ಮುಂದೆ ಮದ್ದೂರನ್ನು ಹಾದು ಕಾವೇರಿಗೆ ಬೀಳುವುದು. ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಮಾರ್ಕೋನಹಳ್ಳಿಯ ಅಣೆಯಲ್ಲಿ ನೀರು ಒಂದು ಮಟ್ಟಕ್ಕೆ ಏರಿದೊಡನೆ ಯಾರೂ ಕೈ ಮುಟ್ಟದೆ ತಾನಾಗಿ ಹೊರಕ್ಕೆ ಹಾಯುವ ಸೈಫನ್ನುಗಳಿವೆ. ಭೌತಶಾಸ್ತ್ರದ ಉಪಾಧ್ಯಾಯರೂ ಭೂಗೋಳದ ಉಪಾಧ್ಯಾಯರೂ ಜೊತೆಯಾಗಿ ಮಕ್ಕಳನ್ನು ಕರೆದೊಯ್ಯತಕ್ಕ ಸ್ಥಳವದು. ಅದೇ ದೇವರಾಯನದುರ್ಗದಲ್ಲಿ ಜಯಮಂಗಲಿಯೂ ಹುಟ್ಟುವುದು. ಆದರೆ ಅದು ತಂಗಿಯ ದಾರಿಯನ್ನು ಹಿಡಿಯದೆ ಬಡಗಣಕ್ಕೆ ತಿರುಗಿ, ಕೊರಟಗೆರೆ ಮಧುಗಿರಿಗಳ ಸೀಮೆಯನ್ನು ತೊಯಿಸಿ, ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುವುದು. ಇನ್ನು ಚಿಕ್ಕನಾಯಕನಹಳ್ಳಿ, ಶಿರಾಗಳ ಕಡೆಯ ಹಳ್ಳಗಳು ವೇದಾವತಿಯನ್ನು ಸೇರುವುವು. ವೇದಾವತಿಯು ತುಂಗಭದ್ರೆಯನ್ನು, ತುಂಗಭದ್ರೆಯು ಕೃಷ್ಣೆಯನ್ನು ಸೇರುವುದು. ಕಾವೇರಿ, ಪಿನಾಕಿನಿ, ಕೃಷ್ಣೆ ಎಂಬ ಮೂರು ಮಹಾನದಿಗಳ ಜಲಾನಯನಗಳು ಒಂದೇ ಜಿಲ್ಲೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ! ಜಲವಿಭಾಜಕವೆಂದರೇನೆಂದು ತಿಳಿಸಲು ಹಿಮಾಲಯದ ವರೆಗೆ ಏಕೆ ಹೋಗಬೇಕು? ದೇವರಾಯನದುರ್ಗದ ನೆತ್ತಿಯ ಮೇಲೆ ಬಿದ್ದ ಎರಡು ಮಳೆಹನಿಗಳು ಒಂದು ಗೇಣಿನ ಅಂತರದಿಂದಾಗಿ ಒಂದು ತಂಜಾವೂರಿನ ಕಡೆಗೂ ಒಂದು ನೆಲ್ಲೂರಿನ ಕಡೆಗೂ ಹೋಗುವುವೆಂದು ಹೇಳಿದರೆ ಯಾವ ಮಗುವು ಮರೆಯುವುದು?

ಇಷ್ಟು ನೀರಿನ ಮಾತಾಯಿತು. ಇನ್ನು ಮೊದಲನೆಯ ಪಾಠಕ್ಕೆ ಹಿಂತಿರುಗೋಣ. ಭಾರತದ ಅಕ್ಷಾಂಶ ರೇಖಾಂಶಗಳನ್ನು ನಮ್ಮ ಮಕ್ಕಳು ಮಗ್ಗಿಯಂತೆ ಒಪ್ಪಿಸುವರು. ೮೨½ ಡಿಗ್ರಿ ಪೂರ್ವ ರೇಖಾಂಶವು ನಮ್ಮ ದೇಶದ ಕಾಲಮಾನದ ರೇಖೆಯೆಂದು ನಿದ್ದೆಯಲ್ಲಿಯೂ ಹೇಳುವರು. ಒಳ್ಳೆಯದೇ. ಆದರೆ ತುಮಕೂರು ಇರುವುದು ೭೭ ಡಿಗ್ರಿ ೬ ಮಿನಿಟು ರೇಖಾಂಶದಲ್ಲಿ. ಎರಡಕ್ಕೂ ನಡುವೆ ೫ ಡಿಗ್ರಿ ೨೪ ಮಿನಿಟು. ಡಿಗ್ರಿಗೆ ನಾಲ್ಕು ನಿಮಿಷದ ಮೇರೆಗೆ ಲೆಕ್ಕ ಹಾಕಿದರೆ ಸುಮಾರು ೨೧½ ನಿಮಿಷ. ಎಂದರೆ ನಮ್ಮ ಗಡಿಯಾರವು ಹನ್ನೆರಡು ಹೊಡೆದಾಗ ನಮ್ಮ ಸೂರ್ಯನಿಗೆ ಇನ್ನೂ ಹನ್ನೆರಡಾಗಿರುವುದಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟು ಅತ್ಯಂತ ಗಿಡ್ಡ ನೆರಳನ್ನು ಗುರುತು ಹಾಕಿದರೆ ಇದು ಪ್ರತ್ಯಕ್ಷವಾಗುವುದು. ಖರ್ಚು ಒಂದು ಕೋಲು, ಒಂದು ಸುಣ್ಣದ ಚೂರು.

ಇದಕ್ಕಿಂತಲೂ ಸೋಜಿಗವಾದುದು ಇನ್ನೊಂದಿದೆ. ೭೭ ಡಿಗ್ರಿ ಪೂರ್ವ ರೇಖಾಂಶವು ಗುಬ್ಬಿಗೂ ತುಮಕೂರಿಗೂ ನಡುವೆ ಹಾದುಹೋಗುವುದು. ಸುಮಾರು ಇಪ್ಪತ್ತು ಕಿಲೋಮೀಟರಿನ ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹುಡುಗರು ದಿನಕ್ಕೆ ಎರಡು ಬಾರಿ ಅದನ್ನು ದಾಟುವರು. ದಾಟಿದೆವೆಂದು ಅವರಿಗೆ ಯಾರೂ ಹೇಳಿಲ್ಲ. ಅದೇ ರೇಖೆಯು ತೆಂಕಣಕ್ಕೆ ಇಳಿದು ೧೩ ಡಿಗ್ರಿ ಉತ್ತರ ಅಕ್ಷಾಂಶವನ್ನು ಕತ್ತರಿಸುವ ಬಿಂದುವು ಎಲ್ಲಿದೆ ಬಲ್ಲಿರಾ? ಕುಣಿಗಲ್ ಪಟ್ಟಣದ ನೈಋತ್ಯಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ. ಭೂಗೋಲದ ಮೇಲೆ ಎಳೆದ ಪೂರ್ಣಾಂಕದ ಎರಡು ಗೆರೆಗಳು ಕೂಡುವ ಸ್ಥಳವು ಕುಣಿಗಲ್ಲಿನ ಮಕ್ಕಳಿಗೆ ನಡೆದು ಮುಟ್ಟುವ ದೂರದಲ್ಲಿದೆ. ಪ್ರತಿಯೊಬ್ಬರ ಮನೆಯಲ್ಲಿಯೂ ಈಗ ಉಪಗ್ರಹವನ್ನು ಕೇಳಿ ಸ್ಥಾನ ಹೇಳುವ ದೂರವಾಣಿಯುಂಟು. ಒಂದು ಭಾನುವಾರ ಅದನ್ನು ಹಿಡಿದು, ರಾಗಿಯ ಹೊಲವನ್ನು ತುಳಿಯದಂತೆ ಎಚ್ಚರವಹಿಸಿ, ಅಂಕಿಗಳು ೧೩ಕ್ಕೂ ೭೭ಕ್ಕೂ ಸರಿಯಾಗಿ ನಿಲ್ಲುವ ವರೆಗೆ ಹುಡುಕುತ್ತ ಹೋಗುವ ಆಟಕ್ಕಿಂತ ಒಳ್ಳೆಯ ಭೂಗೋಳದ ಪಾಠವುಂಟೆ? ಈ ಅಕ್ಷಾಂಶವನ್ನೇ ಹಿಡಿದು ಪೂರ್ವಕ್ಕೆ ನಡೆದರೆ ಚೆನ್ನೈ ಸಮೀಪವಾಗುವುದು, ಪಶ್ಚಿಮಕ್ಕೆ ನಡೆದರೆ ಮಂಗಳೂರು. ವಿಲಿಯಂ ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನಲ್ಲಿಯೂ ೧೮೦೨ರಲ್ಲಿ ಮದರಾಸಿನಲ್ಲಿಯೂ ಆಧಾರರೇಖೆಗಳನ್ನು ಅಳೆದು, ಮೈಸೂರಿನ ಬೆಟ್ಟಗಳ ನೆತ್ತಿಯಿಂದ ನೆತ್ತಿಗೆ ತ್ರಿಕೋನಗಳನ್ನು ಕಟ್ಟುತ್ತ ಕಡಲಿನಿಂದ ಕಡಲಿಗೆ ಹೋದುದು ಹೆಚ್ಚುಕಡಮೆ ಇದೇ ಸಾಲಿನಲ್ಲಿ. ಹಿಂದಿನ ನಕಾಶೆಗಳು ಸುಮಾರು ೪೦೦ ಮೈಲಿಯೆಂದು ತೋರಿಸಿದ್ದ ಈ ಅಗಲವು ನಿಜಕ್ಕೆ ೩೬೦ ಮೈಲಿಯೆಂದು ಅವನ ಅಳತೆಯಿಂದ ತಿಳಿಯಿತು. ನಾಲ್ವತ್ತು ಮೈಲಿಯ ನೆಲವು ಕಾಗದದ ಮೇಲೆ ಮಾತ್ರ ಇತ್ತು!

ಋತುಮಾನದ ಪಾಠದಲ್ಲಿ ಉಪಾಧ್ಯಾಯರು ಸ್ವಲ್ಪ ನಿಲ್ಲತಕ್ಕದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಮಳೆಗಾಲವೆಂದು ಪುಸ್ತಕವು ಹೇಳುವುದು. ದೇಶಕ್ಕೆ ಅದು ನಿಜ. ನಮ್ಮ ಜಿಲ್ಲೆಯಾದರೋ ಸಹ್ಯಾದ್ರಿಯ ಬೆನ್ನ ಹಿಂದೆ ಮಳೆಯ ನೆರಳಿನಲ್ಲಿ ಕುಳಿತಿದೆ. ಜೂನ್ ಜುಲೈಗಳಲ್ಲಿ ಮೋಡಗಳು ನಮ್ಮ ತಲೆಯ ಮೇಲೆ ಪ್ರಯಾಣ ಮಾಡುವುವು, ಇಳಿಯುವುದು ಅಪರೂಪ. ಇಲ್ಲಿ ಮಳೆ ಬಲಿಯುವುದು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ, ಮಾರುತವು ಹಿಂದಿರುಗುವ ಹೊತ್ತಿನಲ್ಲಿ. ಇದನ್ನು ನಮ್ಮ ಒಕ್ಕಲಿಗನು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ಹೆಸರಿಟ್ಟು ಎಣಿಸಿಟ್ಟಿದ್ದಾನೆ. ಈ ಮಳೆನಕ್ಷತ್ರಗಳು ಮೂಢನಂಬಿಕೆಯೆಂದು ನಗುವ ಪಂಡಿತರು ಕೆಲವರುಂಟು. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ಹದಿಮೂರು ಹದಿನಾಲ್ಕು ದಿನಗಳಿಗೆ ಆ ಹೆಸರು. ಅದು ಶುದ್ಧವಾದ ಸೌರ ಪಂಚಾಂಗ. ಅಜ್ಜಿಯ ಬಾಯಲ್ಲಿರುವ ಆ ಹೆಸರುಗಳನ್ನು ಮಕ್ಕಳಿಂದ ಬರೆಯಿಸಿ, ಪಕ್ಕದಲ್ಲಿ ಮಳೆಮಾಪನದ ಮಿಲಿಮೀಟರುಗಳನ್ನು ಬರೆಯಿಸಿದರೆ ಒಂದು ವರ್ಷದೊಳಗೆ ಶಾಲೆಗೆ ಅದರದೇ ಆದ ಹವಾಮಾನದ ಪುಸ್ತಕವಾಗುವುದು. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಇಂಥದಕ್ಕಲ್ಲದೆ ಅಂಗಡಿಯಲ್ಲಿ ಕೊಂಡ ಚಿತ್ರಪಟಕ್ಕೆ ಕೊಡುವುದೇಕೆಂದು ನಮಗೆ ಇಂದಿಗೂ ಅರ್ಥವಾಗಿಲ್ಲ.

ಬೆಳೆ, ಗಣಿ, ಕೈಗಾರಿಕೆಗಳ ಪಾಠಗಳನ್ನು ಬೇಗನೆ ದಾಟುವೆವು. ಅವುಗಳಿಗೆ ಜಿಲ್ಲೆಯಲ್ಲಿ ನಿದರ್ಶನಗಳ ಬರವಿಲ್ಲ. ತೆಂಗು ಎಲ್ಲಿ ಬೆಳೆಯುವುದೆಂದು ಕೇಳಿದರೆ ಗುಬ್ಬಿಯ ಮಗುವೂ ‘ಕರಾವಳಿಯಲ್ಲಿ’ ಎಂದು ಬರೆಯುವುದು, ತೆಂಗಿನ ತೋಟದೊಳಗಿನ ಮನೆಯಿಂದಲೇ ಎದ್ದು ಬಂದಿದ್ದರೂ! ಕರ್ನಾಟಕದಲ್ಲಿ ತೆಂಗಿಗೆ ಅಗ್ರಸ್ಥಾನವು ಕಡಲಿನಿಂದ ದೂರವಾದ, ಎರಡೂವರೆ ಸಾವಿರ ಅಡಿ ಎತ್ತರದ ಈ ನಮ್ಮ ಜಿಲ್ಲೆಗೆ. ತಿಪಟೂರಿನ ಕೊಬ್ಬರಿಯ ಮಾರುಕಟ್ಟೆಯು ದೇಶಕ್ಕೆ ಗೊತ್ತು. ಗುಬ್ಬಿಯು ವ್ಯಾಪಾರದ ಊರೆಂಬುದನ್ನು ಫ್ರಾನ್ಸಿಸ್ ಬ್ಯೂಕನನ್ನನು ೧೮೦೦ರಲ್ಲಿಯೇ ಕಂಡು ಬರೆದಿಟ್ಟಿದ್ದಾನೆ. ನಾಟಕ ಕಂಪೆನಿಯಿಂದ ಗುಬ್ಬಿಯ ಹೆಸರನ್ನು ಬಲ್ಲವರು ಸಂತೆಯ ಗುಬ್ಬಿಯನ್ನು ಮರೆತಿದ್ದಾರೆ. ಗುಬ್ಬಿ, ಚಿಕ್ಕನಾಯಕನಹಳ್ಳಿ, ತಿಪಟೂರುಗಳ ಕಡೆಯ ಕಬ್ಬಿಣದ ಅದಿರಿನ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ನಿಲ್ಲಿಸಿದ ಕಾರಣವೇನೆಂಬುದು ಖನಿಜದ ಪಾಠಕ್ಕೆ ಸೇರಿದ್ದು. ಪಾವಗಡದ ೧೩,೦೦೦ ಎಕರೆ ಒಣನೆಲವು ೨,೦೫೦ ಮೆಗಾವ್ಯಾಟಿನ ಬಿಸಿಲಿನ ವಿದ್ಯುತ್ತಿಗೆ ಮನೆಯಾದುದು ಶಕ್ತಿಯ ಪಾಠಕ್ಕೆ. ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು ಮುಚ್ಚಿಹೋಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೨೦೨೩ರ ಫೆಬ್ರವರಿ ೬ರಂದು ಹೆಲಿಕಾಪ್ಟರಿನ ಕಾರ್ಖಾನೆಯು ತೆರೆಯಿತು. ಒಂದು ಕೈಗಾರಿಕೆ ಏಕೆ ಬರುವುದು, ಏಕೆ ಹೋಗುವುದು ಎಂಬುದಕ್ಕೆ ಜಮಷೆಡ್‌ಪುರದ ಕಥೆಯೊಂದೇ ಸಾಕೆ?

ಈಗ ನಕ್ಷೆಯ ಪ್ರಶ್ನೆಯ ವಿಷಯ. ಭಾರತದ ರೂಪರೇಖೆಯನ್ನು ಬರೆದು ಸ್ಥಳಗಳನ್ನು ಗುರುತಿಸುವ ಈ ಪ್ರಶ್ನೆಯನ್ನು ಅಭ್ಯಾಸ ಮಾಡಿಸುವುದರಲ್ಲಿ ನಮ್ಮ ಉಪಾಧ್ಯಾಯರು ಅಸಾಧ್ಯ ಕೌಶಲವನ್ನು ಪಡೆದಿದ್ದಾರೆ. ಚೌಕಗಳನ್ನು ಎಳೆದು, ಮೂಗು ಇಲ್ಲಿ, ಕಿವಿ ಇಲ್ಲಿ ಎಂದು ಗೊಂಬೆಯನ್ನು ಬರೆಯುವಂತೆ ಐದೇ ನಿಮಿಷದಲ್ಲಿ ಭಾರತವನ್ನು ಬರೆಯಿಸುವರು. ಉತ್ತೀರ್ಣನಾಗುವುದೇ ಕಷ್ಟವಾದ ಹುಡುಗನಿಗೆ ಈ ಅಂಕಗಳು ಕೈಹಿಡಿಯುವುವು; ಅದನ್ನು ಹೀಗಳೆಯುವಷ್ಟು ನಾವು ಮರುಳರಲ್ಲ. ಅಂಕಕ್ಕೂ ಅರಿವಿಗೂ ಸವತಿಮಾತ್ಸರ್ಯವೇನಿಲ್ಲ. ನಮ್ಮ ಬಿನ್ನಹವಿಷ್ಟೆ: ಭಾರತದ ಗೊಂಬೆಯನ್ನು ಬರೆಯುವ ಮೊದಲು ಮಗುವು ತನ್ನ ಶಾಲೆಯಿಂದ ತನ್ನ ಮನೆಯವರೆಗಿನ ನಕ್ಷೆಯನ್ನು ಒಮ್ಮೆ, ತನ್ನ ಊರಿನ ಕೆರೆಯ ನೀರು ಬರುವ ಹಾದಿಯ ನಕ್ಷೆಯನ್ನು ಒಮ್ಮೆ, ಅಳತೆಗೆ ತಕ್ಕಂತೆ ಬರೆದಿರಲಿ. ಸರ್ವೇಕ್ಷಣಾ ಇಲಾಖೆಯ ನಕಾಶೆಗಳಲ್ಲಿ ಹಳೆಯ ಕ್ರಮಾಂಕದಂತೆ ಗುಬ್ಬಿಯು ೫೭ ಸಿ/೧೫ನೆಯ ಹಾಳೆಯಲ್ಲಿಯೂ ತುಮಕೂರು ೫೭ ಜಿ/೩ರಲ್ಲಿಯೂ ಕುಣಿಗಲ್ ೫೭ ಜಿ/೪ರಲ್ಲಿಯೂ ಇವೆ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಅಳತೆಯ ಈ ಹಾಳೆಗಳಲ್ಲಿ ಕೆರೆ, ದೇವಸ್ಥಾನ, ತೋಪು, ಬಂಡಿಯ ಜಾಡು ಎಲ್ಲವೂ ಕಾಣುವುವು. ಇಂದು ಇಂಥ ನಕಾಶೆಗಳನ್ನು ಇಲಾಖೆಯ ಜಾಲತಾಣದಿಂದಲೇ ಪಡೆಯಬಹುದು. ಈ ಮೂರು ಹಾಳೆಗಳು ಗೋಡೆಯ ಮೇಲೆ ತೂಗದಿರುವ ಪ್ರೌಢಶಾಲೆಯು ನಮ್ಮ ಎರಡು ಶೈಕ್ಷಣಿಕ ಜಿಲ್ಲೆಗಳಲ್ಲಿ, ತುಮಕೂರಿನಲ್ಲಾಗಲಿ ಮಧುಗಿರಿಯಲ್ಲಾಗಲಿ, ಇರಬಾರದು. ಮಧುಗಿರಿಯ ಕಡೆಯವರು ತಮ್ಮ ಹಾಳೆಗಳನ್ನೂ ಸೇರಿಸಿಕೊಳ್ಳಲಿ.

ಭೂಪಟವನ್ನು ಇಷ್ಟು ದೊಡ್ಡದು ಮಾಡುವುದೇಕೆಂದು ಕೇಳುವವರಿಗೆ ನಮ್ಮ ನಾಡಿನ ಚರಿತ್ರೆಯೇ ಉತ್ತರ ಕೊಡುವುದು. ಸ್ವಾತಂತ್ರ್ಯ ಬರುವ ಮುಂಚೆ ಕನ್ನಡದ ಮಕ್ಕಳು ಒಂದೇ ಪಟವನ್ನು ನೋಡಿ ಬೆಳೆಯಲಿಲ್ಲ. ಧಾರವಾಡದವನು ಮುಂಬಯಿ ಪ್ರಾಂತದ ಪಟವನ್ನು, ಬಳ್ಳಾರಿ ಮಂಗಳೂರುಗಳವನು ಮದರಾಸಿನದನ್ನು, ಕಲಬುರ್ಗಿಯವನು ನಿಜಾಮರ ರಾಜ್ಯದ್ದನ್ನು, ಮಡಿಕೇರಿಯವನು ಕೊಡಗಿನದನ್ನು, ನಮ್ಮ ತುಮಕೂರಿನವನು ಮೈಸೂರು ಸಂಸ್ಥಾನದ್ದನ್ನು ಓದಿದರು. ಮಂಗಳೂರೂ ತುಮಕೂರೂ ಒಂದೇ ನಾಡೆಂಬುದು ಯಾವ ಪಟದಲ್ಲಿಯೂ ಇರಲಿಲ್ಲ. ಆಲೂರು ವೆಂಕಟರಾಯರಂಥವರ ಮನಸ್ಸಿನಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಅದು ಕಾಗದಕ್ಕೆ ಇಳಿಯಿತು, ೧೯೭೩ರಲ್ಲಿ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಎಲ್ಲವೂ ಇಳಿಯಿತೆಂದೂ ಹೇಳಲಾಗದು. ಚಂದ್ರಗಿರಿ ಹೊಳೆಯ ಬಡಗಣ ಭಾಗವು ಕರ್ನಾಟಕಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗವು ೧೯೬೭ರಲ್ಲಿ ಹೇಳಿದರೂ ಕಾಸರಗೋಡು ಕೇರಳದಲ್ಲಿಯೇ ಉಳಿದಿದೆ. ಅಲ್ಲಿ ಕನ್ನಡ ಮಾಧ್ಯಮದ ಮಗುವೂ ಎಸ್.ಎಸ್.ಎಲ್.ಸಿ. ಎಂಬ ಪರೀಕ್ಷೆಗೇ ಕೂಡುವುದು, ಕನ್ನಡದಲ್ಲಿಯೇ ಭೂಗೋಳವನ್ನು ಬರೆಯುವುದು. ಆದರೆ ಪಠ್ಯವು ಕೇರಳದ್ದು. ನಮ್ಮ ಪಾವಗಡದ ಮಗುವಾದರೋ ಬಹುಮಟ್ಟಿಗೆ ಆಂಧ್ರದಿಂದ ಸುತ್ತುವರಿದ ತಾಲ್ಲೂಕಿನಲ್ಲಿ ಕುಳಿತು ಕರ್ನಾಟಕದ ಪಠ್ಯವನ್ನು ಓದುವುದು. ಗೆರೆಯನ್ನು ಎಳೆದವರು ಯಾರು, ಯಾವ ಹೊಳೆಯನ್ನು ನೋಡಿ ಎಳೆದರು, ಯಾವ ಹೊಳೆಯನ್ನು ನೋಡದೆ ಎಳೆದರು ಎಂಬುದು ಹತ್ತನೆಯ ತರಗತಿಯ ಬಾಲಕನಿಗೆ ತಿಳಿಯಬಾರದ ವಿಷಯವೆ? ಸಾವಿರ ವರ್ಷಕ್ಕೂ ಹಿಂದೆ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಎರಡು ನದಿಗಳಿಂದ ಹೇಳಿತು. ಅವುಗಳಲ್ಲಿ ಗೋದಾವರಿಯು ಇಂದಿನ ಕರ್ನಾಟಕದಲ್ಲಿ ಹರಿಯುವುದಿಲ್ಲ. ಅದರ ಉಪನದಿಯಾದ ಮಾಂಜ್ರಾ ಬೀದರ್ ಜಿಲ್ಲೆಯನ್ನು ಹಾದು ಹೋಗುವುದು. ಇದನ್ನು ಕನ್ನಡದ ಪಂಡಿತರು ಹೇಳಬೇಕೋ ಭೂಗೋಳದ ಉಪಾಧ್ಯಾಯರು ಹೇಳಬೇಕೋ ಎಂಬ ಚರ್ಚೆ ಬೇಡ. ಯಾರಾದರೊಬ್ಬರು ಹೇಳಿದರೆ ಸಾಕು. ಪ್ರಸಂಗವಶಾತ್ ಇನ್ನೊಂದು ಮಾತು: ೨೦೧೪ರ ನವೆಂಬರ್ ೧ರಂದು ಸರ್ಕಾರವು ನಮ್ಮ ಊರನ್ನು ಇಂಗ್ಲಿಷಿನಲ್ಲಿಯೂ ‘ತುಮಕೂರು’ ಎಂದು ತಿದ್ದಿತು. ಕನ್ನಡದಲ್ಲಿ ಅದು ಎಂದೂ ಬೇರೆಯಾಗಿರಲಿಲ್ಲ. ಆದುದರಿಂದ ನಮಗೆ ಹೊಸದಾಗಿ ಕಲಿಯುವ ಶ್ರಮವು ಬೀಳಲಿಲ್ಲ.

ಸಮಯವೆಲ್ಲಿದೆ ಎಂದು ತಾವು ಕೇಳುವಿರಿ. ಪಾಠ ಮುಗಿಸಬೇಕು, ಪುನರಾವರ್ತನೆ ಮಾಡಿಸಬೇಕು, ಪೂರ್ವಸಿದ್ಧತಾ ಪರೀಕ್ಷೆಗಳನ್ನು ನಡೆಸಬೇಕು, ಫಲಿತಾಂಶ ಕುಗ್ಗಿದರೆ ಮೇಲಿನವರಿಗೆ ಸಮಾಧಾನ ಬರೆಯಬೇಕು. ಇವೆಲ್ಲವೂ ನಿಜ. ಆದುದರಿಂದ ನಾವು ವರ್ಷಕ್ಕೆ ಮೂರು ದಿನಗಳನ್ನು ಮಾತ್ರ ಬೇಡುವೆವು. ಒಂದು ದಿನ ಗುಬ್ಬಿಯ ಮಕ್ಕಳು ಮಾರ್ಕೋನಹಳ್ಳಿಗೆ ಹೋಗಿ ತಮ್ಮ ಶಿಂಷೆಯ ನೀರು ಎಲ್ಲಿ ನಿಂತಿದೆಯೆಂದು ನೋಡಲಿ. ಒಂದು ದಿನ ಕುಣಿಗಲ್ಲಿನ ಮಕ್ಕಳು ಕಡಬದ ಕೆರೆಯ ಏರಿಯ ಮೇಲೆ ನಡೆದು ತಮ್ಮ ನೀರು ಎಲ್ಲಿಂದ ಬರುವುದೆಂದು ನೋಡಲಿ. ಸಾಧ್ಯವಾದರೆ ಇಬ್ಬರೂ ಎದುರುಬದುರಾಗಿ ಕುಳಿತು, ಹಿರಿಯರ ಭಾಷಣಗಳಿಲ್ಲದೆ, ಕಾಲುವೆಯ ನಕ್ಷೆಯೊಂದನ್ನೇ ನಡುವೆ ಹಾಸಿಕೊಂಡು ಮಾತನಾಡಲಿ.

ಮೂರನೆಯ ದಿನವು ಆಗಸ್ಟಿನದು. ನಮ್ಮ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ಬಾರಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವನು. ಏಪ್ರಿಲ್ ೨೫ರ ಆಸುಪಾಸಿನ ದಿನವು ಹತ್ತನೆಯವರಿಗೆ ದಕ್ಕುವುದಿಲ್ಲ. ಅಷ್ಟರಲ್ಲಿ ಪರೀಕ್ಷೆ ಮುಗಿದು ಅವರು ಚದರಿಹೋಗಿರುವರು. ಎರಡನೆಯದು ಆಗಸ್ಟ್ ೧೭–೧೮ರ ಹೊತ್ತಿಗೆ, ತರಗತಿಗಳು ನಡೆಯುತ್ತಿರುವಾಗಲೇ ಬರುವುದು. ಆ ದಿನ ತುಮಕೂರಿನಲ್ಲಿ ಗಡಿಯಾರದ ೧೨ ಗಂಟೆ ೨೬ ನಿಮಿಷದ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶ್ರಾವಣದ ಮೋಡವು ಮುಚ್ಚಿಕೊಂಡಿದ್ದರೆ ಹತಾಶರಾಗಬೇಕಾಗಿಲ್ಲ. ಹಿಂದಿನ ದಿನ, ಮರುದಿನ ನೋಡಿದರೂ ಒಂದು ಮೀಟರಿನ ಕೋಲಿಗೆ ನೆರಳು ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚಾಗಿ ಹೊರಬಿದ್ದಿರುವುದಿಲ್ಲ.